ಇನಾರಿಯಲ್ಲಿ ಹೇಳಿದ ‘ಬರ್ತೀನಿ’

ತಿಪಟೂರು

ನಾನು ಇನಾರಿಗೆ ಹೊರಟಿದ್ದೇನೆ ಎಂದಾಗ ಕೊಬ್ಬರಿ ಮಂಡಿಯ ಗೆಳೆಯ ಶಿವಣ್ಣ ಕೇಳಿದ್ದು ಒಂದೇ ಮಾತು. “ಈ ನಾರಿ ಯಾರ್ಲಾ? ಮನೇಲಿ ಸರೋಜಮ್ಮಂಗೆ ಗೊತ್ತಾ?” ಆಮೇಲೆ ಊರಿನಲ್ಲಿ ಯಾರು ಸಿಕ್ಕರೂ ಅದೇ ಪ್ರಶ್ನೆ. ಇನಾರಿ ಹೆಂಗಸಲ್ಲ, ಫಿನ್‌ಲ್ಯಾಂಡ್ ಎಂಬ ದೇಶದ ಉತ್ತರದ ತುದಿಯಲ್ಲಿರುವ ಸಣ್ಣ ಊರು, ಅದರ ಮಗ್ಗುಲಿಗೆ ಸಮುದ್ರದಂಥ ಸರೋವರ ಇದೆ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಎಲ್ಲ ಕೇಳಿಸಿಕೊಂಡ ಮೇಲೆ ಅವರು, “ಏನೋ ಕಣಪ್ಪ, ಹುಷಾರು” ಎಂದು ನಗುತ್ತಾ ಹೋಗುತ್ತಿದ್ದರು.

ಇದು ತೊಂಬತ್ತರ ದಶಕದ ನಡುವಿನ ಮಾತು. ಆಗ ನಾನು ನೊಣವಿನಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಪೀಟಿ ಮೇಷ್ಟ್ರು. ಮೇಷ್ಟ್ರುಗಳನ್ನು ದೇಶದಿಂದ ದೇಶಕ್ಕೆ ಕಳಿಸಿಕೊಡುವ ಏರ್ಪಾಡೊಂದರಲ್ಲಿ ಮಾರ್ಯಾ ಎಂಬ ಫಿನ್‌ಲ್ಯಾಂಡಿನ ಹೆಣ್ಣುಮಗಳು ನಮ್ಮ ಶಾಲೆ ನೋಡಲು ಬಂದು ನಮ್ಮ ಮನೆಯಲ್ಲೇ ಉಳಿದಿದ್ದಳು. ಅವಳೂ ಇನಾರಿಯಲ್ಲಿ ಆಟದ ಟೀಚರ್. ನಮ್ಮ ಅಟ್ಟ ಹತ್ತಿ, ಅಲ್ಲಿ ವರ್ಷಗಟ್ಟಲೆ ಸುಮ್ಮನೆ ಒಣಗುತ್ತಾ ಬಿದ್ದಿರುವ ತೆಂಗಿನಕಾಯಿ ರಾಶಿ ನೋಡಿ ಆಶ್ಚರ್ಯಪಟ್ಟಳು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಬೇಕು, ಒಳಗೆ ಗಿಟುಕು ಲೊಟಲೊಟ ಅಂದರೆ ಕೊಬ್ಬರಿ ಆಯಿತು ಎಂದು ಅವ್ವ ಅವಳಿಗೆ ತೋರಿಸಿಕೊಟ್ಟಳು. ಹೋಗುವ ಹೊತ್ತಿಗೆ ಅವಳು ನನ್ನನ್ನು ‘ಮೇಷ್ಟ್ರೇ’ ಎಂದೇ ಕರೆಯುತ್ತಿದ್ದಳು.

ಅವಳು ತನ್ನ ಊರಿನ ಬಗ್ಗೆ ಹೇಳಿದ್ದನ್ನು ಕೇಳಿದರೆ ಯಾರಿಗಾದರೂ ಅಲ್ಲಿಗೆ ಹೋಗಬೇಕು ಅನ್ನಿಸುತ್ತಿತ್ತು. ಚಳಿಗಾಲದಲ್ಲಿ ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವುದು, ಹಿಮಸಾರಂಗದ ಬಂಡಿ, ಆಕಾಶದಲ್ಲಿ ಹಸಿರು ಬೆಳಕಿನ ಕುಣಿತ. ಬೇಸಿಗೆಯಲ್ಲಿ ಮುಳುಗದ ಸೂರ್ಯ, ಸರೋವರದಲ್ಲಿ ದೋಣಿ. ಅದಾದ ಮೇಲೆ ಬೆಟ್ಟಗಳೆಲ್ಲ ಕೆಂಪಾಗುವ ಕಾಲ, ಕಾಡಿನ ಹಣ್ಣು ಕೀಳುವ ಕಾಲ. “ಯಾವ ಕಾಲಕ್ಕೆ ಬಂದರೂ ಒಂದು ಆಟ ಇದ್ದೇ ಇರುತ್ತೆ ಮೇಷ್ಟ್ರೇ. ಯಾವಾಗ ಬರ್ತೀರಿ?” ಎಂದಳು. ನಾನು “ಸಮ್ಮರ್ ಹಾಲಿಡೇಸ್” ಎಂದೆ. ಅವಳಿಗೆ ಬಹಳ ಸಂತೋಷವಾಯಿತು.

ಅವಳ ಸಮ್ಮರ್ ಅಂದರೆ ಜುಲೈ. ನನ್ನ ಬೇಸಿಗೆ ರಜ ಮೇ ತಿಂಗಳಿಗೆ ಮುಗಿದುಹೋಗುತ್ತದೆ. ಈ ಸಣ್ಣ ವಿಷಯ ಇಬ್ಬರಿಗೂ ಹೊಳೆದದ್ದು ನಾನು ಟಿಕೆಟ್ ತೆಗೆಸಿದ ಮೇಲೆ ಫೋನ್ ಮಾಡಿದಾಗ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಆಮೇಲೆ “ಪರವಾಗಿಲ್ಲ, ಬನ್ನಿ” ಎಂದಳು. ಲೈನು ಸರಿಯಿಲ್ಲ ಎಂದುಕೊಂಡು ನಾನು ಖುಷಿಯಾಗಿಯೇ ಫೋನ್ ಇಟ್ಟೆ.

ಹೊರಡುವ ದಿನ ಗಡಿಬಿಡಿಯಲ್ಲಿ ಹೊಸಿಲು ದಾಟುತ್ತಾ, “ಸರಿ ಅವ್ವ, ಹೋಯ್ತೀನಿ” ಎಂದುಬಿಟ್ಟೆ. ಅವ್ವನ ಮುಖ ಸಪ್ಪಗಾಯಿತು. “ಹೋಯ್ತೀನಿ ಅಂತಾರೇನ್ಲಾ? ಇಷ್ಟು ವಯಸ್ಸಾದ್ರೂ ಬುದ್ಧಿ ಬರ್ಲಿಲ್ವಲ್ಲ. ಬತ್ತೀನಿ ಅನ್ಬೇಕು” ಎಂದು ಬೈದು, ಶೂ ಬಿಚ್ಚಿಸಿ ಒಳಗೆ ಕರೆದು, ಚಾಪೆಯ ಮೇಲೆ ಕೂರಿಸಿ, ಒಂದು ಲೋಟ ನೀರು ಕುಡಿಸಿ ಮತ್ತೆ ಕಳಿಸಿದಳು. ಎರಡನೇ ಸಲ ನಾನು ಸರಿಯಾಗಿ “ಬತ್ತೀನಿ ಅವ್ವ” ಎಂದೆ. ನಮ್ಮ ಕಡೆ ಮನೆಯಿಂದ ಹೊರಡುವವರು ಯಾರೂ ಹೋಗುತ್ತೇನೆ ಅನ್ನುವುದಿಲ್ಲ. ಪಕ್ಕದ ಮನೆಗೆ ಹೆಪ್ಪು ಕೇಳಲು ಬಂದವರೂ ಎದ್ದು ಹೊರಡುವಾಗ ‘ಬತ್ತೀನಿ’ ಎಂದೇ ಹೇಳುತ್ತಾರೆ.

ಇವಾಲೊ

ಇನಾರಿಗೆ ಹತ್ತಿರದ ವಿಮಾನ ನಿಲ್ದಾಣ ಇವಾಲೊ. ಅಲ್ಲಿಂದ ಹೊರಗೆ ಕಾಲಿಟ್ಟವನು ನೇರವಾಗಿ ಕೆಸರಿನಲ್ಲಿ ಕಾಲಿಟ್ಟೆ. ಬಿಳಿಯ ಹಿಮ ನೋಡುತ್ತೇನೆ ಎಂದು ಬಂದವನಿಗೆ ಕಂಡದ್ದು ಗದ್ದೆ ಉತ್ತಂಥ ನೆಲ, ರಸ್ತೆಯ ಬದಿಯಲ್ಲಿ ಬೂದಿ ಬಣ್ಣದ ಹಿಮದ ಗುಪ್ಪೆಗಳು. ಮಾರ್ಯಾ ಕಾರು ಓಡಿಸುತ್ತಾ ಸಂಕೋಚದಿಂದಲೇ ವಿವರಿಸಿದಳು. ಈ ಕೆಲವು ವಾರಗಳಿಗೆ ಅವರ ಭಾಷೆಯಲ್ಲಿ ಬೇರೆಯದೇ ಹೆಸರಿದೆಯಂತೆ, ಅದರ ಅರ್ಥ ‘ದಾರಿ ಮುರಿದ ಕಾಲ’. ಜಾರಲು ಹಿಮ ಸಾಲದು, ದೋಣಿ ಬಿಡಲು ಸರೋವರದ ಮಂಜುಗಡ್ಡೆ ಕರಗಿಲ್ಲ. ಬೆಳಕು ಹೆಚ್ಚಾಗಿ ಆಕಾಶದ ಕುಣಿತ ಕಾಣುವುದಿಲ್ಲ, ಹಣ್ಣು ಬಿಡಲು ಇನ್ನೂ ಗಿಡವೇ ಚಿಗುರಿಲ್ಲ.

ಇನಾರಿ ಊರೊಳಗೆ ಪ್ರವಾಸಿಗಳಿಗೆ ಸಾಹಸ ಮಾಡಿಸುವ ಅಂಗಡಿಯೊಂದಿತ್ತು. ಗೋಡೆಯ ಮೇಲೆ ನಾಲ್ಕೂ ಕಾಲದ ದೊಡ್ಡ ದೊಡ್ಡ ಚಿತ್ರಗಳು. ಒಳಗೆ ಜಾರುವ ಹಲಗೆಗಳನ್ನೆಲ್ಲ ಕಟ್ಟಿ ಮೂಲೆಗೆ ಒರಗಿಸಿದ್ದರು. ದೋಣಿಗಳು ಹಿತ್ತಲಲ್ಲಿ ಟಾರ್ಪಾಲಿನ ಕೆಳಗೆ ಬೋರಲಾಗಿದ್ದವು. ಅಲ್ಲಿದ್ದ ಹುಡುಗಿ ನನ್ನನ್ನು ಕರುಣೆಯಿಂದ ನೋಡಿ, ಸ್ವಲ್ಪ ಮುಂಚೆ ಬರಬೇಕಿತ್ತು, ಇಲ್ಲವೇ ಸ್ವಲ್ಪ ತಡವಾಗಿ ಬರಬೇಕಿತ್ತು ಎಂದಳು. ಒಂದು ಮದುವೆ ಮುಗಿದು ಇನ್ನೊಂದು ಮದುವೆಯವರು ಇನ್ನೂ ಬಾರದ ಛತ್ರಕ್ಕೆ ಹೊಸ ಬಟ್ಟೆ ಹಾಕಿಕೊಂಡು ಹೋದವನ ಪಾಡಾಗಿತ್ತು ನನ್ನದು. ಆದರೂ ಮಾರ್ಯಾಳ ಎದುರು ಮುಖ ಸಣ್ಣ ಮಾಡಿಕೊಳ್ಳಬಾರದೆಂದು, ಕೆಸರಂದರೆ ನಮಗೆ ಬಹಳ ಇಷ್ಟ ಎಂದು ಹೇಳಿದೆ.

ಮಾರ್ಯಾಳ ಮನೆ

ಆ ಊರಿನಲ್ಲಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ತಿಪಟೂರಿನಿಂದ ತುರುವೇಕೆರೆಗೆ ಬಸ್ಸಿನಲ್ಲಿ ಹೋಗಿ ಇಳಿಯುವಷ್ಟರಲ್ಲಿ ಪಕ್ಕದವರಿಗೆ ನಿಮ್ಮ ಊರು, ಮನೆತನ, ಮಕ್ಕಳ ಓದು ಎಲ್ಲ ಗೊತ್ತಾಗಿರುತ್ತದೆ. ನಿಂತ ಹೆಂಗಸು ತನ್ನ ಮಗುವನ್ನು ನಿಮ್ಮ ತೊಡೆಯ ಮೇಲೆ ಕೂರಿಸಿಯೂ ಆಗಿರುತ್ತದೆ. ಇಲ್ಲಿ ಬಸ್ ಸ್ಟಾಪಿನಲ್ಲಿ ಮೂವರು ನಿಂತಿದ್ದರೆ ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ ಬಿಟ್ಟು ನಿಂತಿರುತ್ತಾರೆ. ನಾನು ಹತ್ತಿರ ಹೋಗಿ ನಿಂತರೆ ಮೆಲ್ಲಗೆ ಒಂದು ಹೆಜ್ಜೆ ಸರಿಯುತ್ತಾರೆ. ಮೊದಲು ನನ್ನ ಬಣ್ಣಕ್ಕೋ ಏನೋ ಎಂದುಕೊಂಡು ನೊಂದುಕೊಂಡೆ. ಆಮೇಲೆ ನೋಡಿದರೆ ಅವರು ತಮ್ಮತಮ್ಮಲ್ಲೇ ಹಾಗೆ ಸರಿದುಕೊಳ್ಳುತ್ತಿದ್ದರು.

ಆದರೆ ಆಡಿದ ಮಾತು ಮಾತ್ರ ಆಡಿದ ಹಾಗೇ ಇರುತ್ತದೆ. ಇನ್ನೊಂದು ಕಾಫಿ ಬೇಕೇ ಎಂದು ಕೇಳಿದಾಗ ನಾನು ನಮ್ಮ ಪದ್ಧತಿಯಂತೆ ಬೇಡ ಎಂದೆ. ನಮ್ಮಲ್ಲಾದರೆ ಇನ್ನೆರಡು ಸಲ ಬಲವಂತ ಮಾಡಿ, ಕೈ ಹಿಡಿದು ಬಗ್ಗಿಸುತ್ತಾರೆ. ಮಾರ್ಯಾ ಸರಿ ಎಂದು ಕಾಫಿ ಜಗ್ಗನ್ನು ತೆಗೆದಿಟ್ಟಳು. ಎರಡು ದಿನ ಅರೆಹೊಟ್ಟೆ ಕಾಫಿ ಕುಡಿದ ಮೇಲೆ ನನಗೆ ಬುದ್ಧಿ ಬಂತು. ಮಾಂಸ ತಿನ್ನುವುದಿಲ್ಲ ಎಂದದ್ದಕ್ಕೆ ಅವಳು ಪ್ರೀತಿಯಿಂದ ಮೀನು ಬೇಯಿಸಿದ್ದಳು. ಅದೂ ಇಲ್ಲ ಎಂದಾಗ ಪಾಪ, ಅವಳಿಗೆ ಏನು ತೋಚಬೇಕು. ಆಲೂಗಡ್ಡೆ, ಗಟ್ಟಿ ರೊಟ್ಟಿ, ಹುಳಿ ಹಣ್ಣಿನ ಜಾಮು, ಹೆಂಡತಿ ಸರೋಜ ಕಟ್ಟಿಕೊಟ್ಟ ಚಟ್ನಿಪುಡಿ ಇವುಗಳಲ್ಲಿ ನನ್ನ ಊಟ ಚೆನ್ನಾಗಿಯೇ ನಡೆಯಿತು.

ಹೈಕ್ಕಿಯ ಸೌನಾ

ಮಾರ್ಯಾಳ ತಂದೆ ಹೈಕ್ಕಿ ಸರೋವರದ ದಡದಲ್ಲೇ, ಮಗಳ ಮನೆಯಿಂದ ಕೂಗಳತೆಯ ದೂರದಲ್ಲಿ ಒಬ್ಬರೇ ಇದ್ದರು. ಎತ್ತರದ ಮುದುಕ. ವಯಸ್ಸಿನಲ್ಲಿ ಹಡಗಿನಲ್ಲಿ ಕೆಲಸ ಮಾಡಿದ್ದರಿಂದ ತುಂಡು ತುಂಡು ಇಂಗ್ಲಿಷ್ ಬರುತ್ತಿತ್ತು. ಒಮ್ಮೆ ಮದ್ರಾಸಿನ ಬಂದರಿನಲ್ಲಿ ಎಳನೀರು ಕುಡಿದದ್ದು ನೆನಪಿತ್ತು. ನಾನು ತೆಂಗಿನ ಸೀಮೆಯವನೆಂದು ಮಗಳು ಹೇಳಿದ್ದಕ್ಕೆ, ನನ್ನನ್ನು ನೋಡಿಯೇ ಹೊರಡುತ್ತೇನೆಂದು ಕಾದಿದ್ದರಂತೆ. ಎಲ್ಲಿಗೆ ಹೊರಡುವುದು ಎಂದು ನನಗೆ ಆಗ ಗೊತ್ತಿರಲಿಲ್ಲ.

ಅತಿಥಿಗೆ ಮೊದಲ ಮರ್ಯಾದೆ ಸೌನಾ, ಅಂದರೆ ಮರದ ಕೋಣೆಯಲ್ಲಿ ಕಾದ ಕಲ್ಲಿಗೆ ನೀರು ಚೆಲ್ಲಿ ಆ ಆವಿಯಲ್ಲಿ ಬೆವರುವುದು. ಹೈಕ್ಕಿ ಹುಟ್ಟಿದ ಹಾಗೆ ಕುಳಿತಿದ್ದರು. ನಾನು ಪಟ್ಟಾಪಟ್ಟಿ ಚಡ್ಡಿಯಲ್ಲಿ ಮೂಲೆ ಹಿಡಿದೆ. ಮುದುಕ ಒಂದು ಸೌಟು ನೀರು ಎರಚಿದರು ನೋಡಿ, ನನ್ನ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆ ಒಂದೇ ಗಳಿಗೆಗೆ ಕಾದು ಎದೆಗೆ ಚುರುಕ್ ಎಂದು ತಾಗಿತು. ಶಿವಾ ಎಂದು ಎದ್ದು ಕುಣಿದುಬಿಟ್ಟೆ. ಹೈಕ್ಕಿ ಅದೇನೆಂದು ಕೇಳಿದರು. ದೇವರು, ನಾವು ಕೊರಳಲ್ಲೇ ಇಟ್ಟುಕೊಳ್ಳುತ್ತೇವೆ ಎಂದೆ. ಅವರು ತಾವು ಕುಳಿತಿದ್ದ ಟವೆಲನ್ನು ನೀರಿನಲ್ಲಿ ಅದ್ದಿ ಹಿಂಡಿ ನನಗೆ ಕೊಟ್ಟು, “ದೇವರಿಗೆ ಸುತ್ತು” ಎಂದರು. ಮೈಲಿಗೆ ಎನ್ನಬೇಕೋ ಭಕ್ತಿ ಎನ್ನಬೇಕೋ ತಿಳಿಯದೆ ಸುತ್ತಿಕೊಂಡೆ.

ಸೌನಾ ಮುಗಿಸಿ ಅವರ ಅಡಿಗೆಮನೆಯಲ್ಲಿ ಕಾಫಿಗೆ ಕುಳಿತಾಗ ಅವರು ಕಿಟಕಿಯಾಚೆ ಕೈ ತೋರಿಸಿದರು. ಬೆಳ್ಳಗೆ ಹರಡಿದ ಸರೋವರದ ಆ ಕಡೆ, ದೂರದಲ್ಲಿ ಕಪ್ಪು ಗೆರೆಯಂಥ ಕಾಡು, ಅದರ ಮೇಲೆ ನೂಲಿನಂಥ ಹೊಗೆ. “ಐಲಿ” ಎಂದರು. ಐಲಿ ಅವರ ಅಕ್ಕ. ಗಂಡ ತೀರಿಕೊಂಡ ಮೇಲೂ ಆ ದಡ ಬಿಟ್ಟು ಬಂದವಳಲ್ಲ. ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ, ಬೇಸಿಗೆಯಲ್ಲಿ ದೋಣಿಯಲ್ಲಿ ಯಾರಾದರೂ ಅವಳ ಮನೆಗೆ ಹೋಗಿ ಬರುತ್ತಿರುತ್ತಾರೆ. ಈ ದಾರಿ ಮುರಿದ ಕಾಲದಲ್ಲಿ ಮಾತ್ರ ಯಾರೂ ಹೋಗುವಂತಿಲ್ಲ, ಅವಳೂ ಬರುವಂತಿಲ್ಲ. ಅದಕ್ಕೇ ಪ್ರತಿ ವರ್ಷ ಕೊನೆಯ ಗಟ್ಟಿ ಮಂಜಿನ ಮೇಲೆ ಹೈಕ್ಕಿ ಅಕ್ಕನ ಮನೆಗೆ ಹೋಗಿಬಿಡುತ್ತಾರೆ. ಮಂಜು ಪೂರ್ತಿ ಕರಗಿ ನೀರು ಬಿಡುವವರೆಗೂ ಇಬ್ಬರೂ ಅಲ್ಲೇ ಇರುತ್ತಾರೆ.

“ಅಷ್ಟು ದಿನ ಏನು ಮಾತಾಡ್ತೀರಿ?” ಎಂದು ಕೇಳಿದೆ.

“ಮಾತಾಡೋಕೆ ಏನಿದೆ?” ಎಂದರು ಹೈಕ್ಕಿ. “ಇಸ್ಪೀಟು ಆಡ್ತೀವಿ. ಬಲೆ ಹೊಲೀತೀವಿ. ಯಾರೂ ಬಾರದ ಕಾಲ. ಒಬ್ಬರಾದರೂ ಜೊತೆಗಿರಬೇಕು.”

ನಾಳೆ ಬೆಳಿಗ್ಗೆ ಹೊರಡುತ್ತೇನೆ, ಬಿಸಿಲೇರಿದರೆ ಮಂಜು ಮೆತ್ತಗಾಗುತ್ತದೆ, ಇನ್ನು ತಡ ಮಾಡುವಂತಿಲ್ಲ ಎಂದರು. ಆಮೇಲೆ ನನ್ನ ಕಡೆ ನೋಡಿ, “ಮೊದಲ ದ್ವೀಪದವರೆಗೆ ನೀವೂ ನಡೀಬಹುದು. ಅಲ್ಲಿಂದ ವಾಪಸ್. ಮಂಜಿನ ಮೇಲೆ ನಡೆದೆ ಅಂತ ಊರಲ್ಲಿ ಹೇಳಬಹುದು” ಎಂದರು. ನಮ್ಮೂರ ಕೆರೆಗೇ ಸೊಂಟಕ್ಕಿಂತ ಆಳಕ್ಕೆ ಇಳಿಯದವನು ನಾನು. ಆದರೆ ಹಿರಿಯರ ಮಾತನ್ನು ಮುಖಕ್ಕೆ ಹೊಡೆದಂತೆ ಬೇಡ ಅನ್ನುವುದು ಹೇಗೆ? ನಕ್ಕು, ಆ ಕಡೆ ಈ ಕಡೆ ತಲೆಯಾಡಿಸಿದೆ. ನಮ್ಮ ಕಡೆಯವರಿಗಾದರೆ ಅದು ‘ನೋಡೋಣ ಬಿಡಿ’ ಎಂದು ಅರ್ಥವಾಗುತ್ತಿತ್ತು.

ಚೀಲದಿಂದ ಒಂದು ಒಣ ತೆಂಗಿನಕಾಯಿ ತೆಗೆದು ಅವರ ಕೈಯಲ್ಲಿಟ್ಟೆ. ನಮ್ಮ ಅಟ್ಟದ್ದು, ಅವ್ವ ಆರಿಸಿ ಕೊಟ್ಟದ್ದು. ಕಿವಿಯ ಹತ್ತಿರ ಅಲ್ಲಾಡಿಸಿ ತೋರಿಸಿದೆ. ಒಳಗೆ ಗಿಟುಕು ಲೊಟಲೊಟ ಅಂದಾಗ ಆ ಗಂಟು ಮುಖ ಮೊದಲ ಸಲ ಸಡಿಲವಾಯಿತು. “ಇದು ಐಲಿಗೆ” ಎಂದರು. ನಾನು ಎದ್ದು, ಕೈಮುಗಿದು, ಬಾಗಿಲಲ್ಲಿ ನಿಂತು, ಹುಟ್ಟಿದಾಗಿನಿಂದ ಹೇಳಿಕೊಂಡು ಬಂದದ್ದನ್ನೇ ಇಂಗ್ಲಿಷಿನಲ್ಲಿ ಹೇಳಿದೆ.

“ಓಕೆ. ಐ ವಿಲ್ ಕಮ್.”

ಹೈಕ್ಕಿ ಒಂದೇ ಸಲ ತಲೆಯಾಡಿಸಿದರು.

ಹಿಮಸಾರಂಗದ ದೊಡ್ಡಿ

ಮರುದಿನ ಬೆಳಿಗ್ಗೆ ಬೇಗನೆ ಮಾರ್ಯಾ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟಳು. ಅವಳಿಗೆ ಪರಿಚಯದವರ ಹಿಮಸಾರಂಗಗಳು ಕರು ಹಾಕುತ್ತಿದ್ದವು. ಈ ಕಾಲದಲ್ಲಿ ನೋಡುವಂಥದ್ದು ಅದೊಂದೇ ಎಂದು ಅವಳು ಹುಡುಕಿ ಹಿಡಿದಿದ್ದಳು. ನಾವು ಹೊರಟದ್ದು ಊರ ಕಡೆಯ ದಾರಿಯಲ್ಲಿ, ಹೈಕ್ಕಿಯ ಮನೆಯ ಮುಂದೆ ಹಾಯಲಿಲ್ಲ. ತಂದೆ ಆಗಲೇ ಸರೋವರದ ನಡುವೆ ಇರುತ್ತಾರೆ ಎಂದು ಅವಳೂ, ನಾನೂ ತಿಳಿದಿದ್ದೆವು.

ಆ ದಿನ ನಾನು ಸಂತೋಷವಾಗಿದ್ದೆ. ಅದನ್ನು ಮುಚ್ಚಿಡುವುದಿಲ್ಲ. ಆಗತಾನೆ ಹುಟ್ಟಿದ ಕಪ್ಪು ಕರು ಕಾಲು ನಡುಗಿಸುತ್ತಾ ಏಳಲು ನೋಡಿ, ಬಿದ್ದು, ಮತ್ತೆ ಎದ್ದಿತು. ತಾಯಿ ಅದನ್ನು ನೆಕ್ಕುವುದನ್ನು ನೋಡುತ್ತಾ ನಮ್ಮ ಕೊಟ್ಟಿಗೆಯಲ್ಲೇ ನಿಂತಂತಾಗಿತ್ತು. ನಾನು “ಬಾ ಬಾ” ಎಂದು ಬಾಯಿ ಚಪ್ಪರಿಸಿದರೆ ಒಂದು ಸಾರಂಗ ಹತ್ತಿರ ಬಂದು ನನ್ನ ಸ್ವೆಟರಿನ ತೋಳು ಚೀಪಿತು. ಇನಾರಿಯ ಸಾರಂಗಕ್ಕೂ ಕನ್ನಡ ಬರುತ್ತದೆ ಎಂದು ಮಾರ್ಯಾಳನ್ನು ನಗಿಸಿದೆ. ಬೆಂಕಿಯ ಸುತ್ತ ಕುಳಿತು ಕಾಫಿ ಕುಡಿದೆವು. ಬಿಸಿಲು ಚೆನ್ನಾಗಿ ಕಾಯುತ್ತಿತ್ತು, ಮರಗಳಿಂದ ಹಿಮ ತಟಪಟ ಸುರಿಯುತ್ತಿತ್ತು. ಎಂಥ ಒಳ್ಳೆಯ ಬಿಸಿಲು ಎಂದು ನಾನೇ ಬಾಯಿಬಿಟ್ಟು ಹೊಗಳಿದೆ.

ಹೈಕ್ಕಿಯ ಅಂಗಳ

ಮಧ್ಯಾಹ್ನ ದಾಟಿದ ಮೇಲೆ ವಾಪಸ್ ಬಂದೆವು. ಮಾರ್ಯಾ ಅಪ್ಪನ ಮನೆಯ ಒಲೆ ಆರಿದೆಯೇ ನೋಡಿ ಬರೋಣ ಎಂದಳು. ಅಂಗಳದ ಬೆಂಚಿನ ಮೇಲೆ ಹೈಕ್ಕಿ ಕುಳಿತಿದ್ದರು. ಕಾಲಲ್ಲಿ ಬೂಟು, ತಲೆಗೆ ಟೊಪ್ಪಿ. ಪಕ್ಕದಲ್ಲಿ ಅವರ ಜಾರುಬಂಡಿ. ಅದು ಎರಡು ಉದ್ದನೆಯ ಕಬ್ಬಿಣದ ಪಟ್ಟಿಗಳ ಮೇಲೆ ಕೂರಿಸಿದ ಕುರ್ಚಿಯಂಥದ್ದು, ಹಿಂದೆ ನಿಂತು ಒಂದು ಕಾಲಿನಲ್ಲಿ ನೆಲ ಒದೆಯುತ್ತಾ ಹೋಗಬೇಕು. ಕುರ್ಚಿಯ ಮೇಲೆ ಹಿಟ್ಟಿನ ಚೀಲ, ಕಾಫಿ ಪೊಟ್ಟಣ, ಬಲೆಯ ದಾರ, ಎಲ್ಲದರ ಮೇಲೆ ನನ್ನ ತೆಂಗಿನಕಾಯಿ. ಎಲ್ಲ ಹಗ್ಗ ಬಿಗಿದು ಸಿದ್ಧವಾಗಿತ್ತು.

ನನ್ನನ್ನು ನೋಡಿ, “ಬಂದಿರಿ. ಒಳ್ಳೆಯದು” ಎಂದರು. ಕೋಪವಿಲ್ಲ, ಕೊಂಕಿಲ್ಲ. “ಈಗ ಮಂಜು ಮೆತ್ತಗಿದೆ. ನಾಳೆ ನೋಡೋಣ.”

ಮಾರ್ಯಾ ತನ್ನ ಭಾಷೆಯಲ್ಲಿ ಏನೋ ಕೇಳಿದಳು. ಅವರು ಎರಡು ಮಾತಿನಲ್ಲಿ ಉತ್ತರ ಕೊಟ್ಟರು. ಅವಳ ಮುಖ ಬದಲಾಯಿತು. ನನ್ನ ಕಡೆ ತಿರುಗಿ, “ಮೇಷ್ಟ್ರೇ, ಬೆಳಿಗ್ಗೆ ಬರ್ತೀನಿ ಅಂತ ಅಪ್ಪನಿಗೆ ಹೇಳಿದ್ರಾ?” ಎಂದಳು.

“ಇಲ್ಲವಲ್ಲ” ಎಂದೆ. ಹಾಗೆ ಹೇಳುವಾಗಲೇ, ಕೈಮುಗಿದು ಬಾಗಿಲಲ್ಲಿ ನಿಂತದ್ದು, ಹೇಳಿದ್ದು ಎಲ್ಲ ನೆನಪಾಯಿತು. “ಹೇಳಿದೆ. ಆದರೆ ಅದು ಬರುವುದಕ್ಕೆ ಹೇಳಿದ್ದಲ್ಲ. ಹೋಗುವುದಕ್ಕೆ ಹೇಳಿದ್ದು. ನಮ್ಮಲ್ಲಿ ಹೋಗುವಾಗ ಹೋಗ್ತೀನಿ ಅನ್ನಬಾರದು. ಅಪಶಕುನ, ಅವ್ವ ಬೈತಾಳೆ. ಬರ್ತೀನಿ ಅನ್ನಬೇಕು.”

“ಹೋಗುವಾಗ ಬರ್ತೀನಿ ಅಂತೀರಾ?”

“ಹೌದು.”

ಅವಳು ಇದನ್ನು ತಂದೆಗೆ ಬಿಡಿಸಿ ಹೇಳಿದಳು. ಬಹಳ ಹೊತ್ತು ಹಿಡಿಯಿತು. ಹೈಕ್ಕಿ ತಲೆ ಬಗ್ಗಿಸಿ ಕೇಳುತ್ತಿದ್ದವರು, ಆಮೇಲೆ ನನ್ನನ್ನೇ ನೋಡಿ, “ಹಾಗಾದರೆ ನಿಜವಾಗಿ ಬರುವಾಗ ಏನಂತೀರಿ?” ಎಂದು ಕೇಳಿದರು. ನಿಜಕ್ಕೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದು ಅದು.

“ಏನೂ ಅನ್ನೋದಿಲ್ಲ. ಸುಮ್ಮನೆ ಬಂದುಬಿಡ್ತೀವಿ” ಎಂದೆ.

ಅವರು ಅದನ್ನೂ ಯೋಚಿಸಿ ನೋಡಿ, ಸರಿ ಎಂಬಂತೆ ತಲೆಯಾಡಿಸಿದರು. ಬೆಳಗಿನಿಂದ ಕಾಫಿಯನ್ನೂ ಕುಡಿಯದೆ ಆ ಬೆಂಚಿನ ಮೇಲೆ ಕುಳಿತಿದ್ದರು ಎಂದು ಆಮೇಲೆ ಮಾರ್ಯಾ ಹೇಳಿದಳು. ಒಳಗೆ ಹೋದರೆ ನಾನು ಬಂದಾಗ ಅವರು ಹೊರಟುಹೋದರೆಂದು ತಿಳಿದು ಹಿಂದಿರುಗಿಬಿಡಬಹುದು ಎಂಬ ಯೋಚನೆಯಂತೆ. ನನಗೆ ಆ ಅಂಗಳದಲ್ಲಿ ನಿಲ್ಲಲಾಗಲಿಲ್ಲ.

ದಡ

ಆ ರಾತ್ರಿ ಸರೋವರ ಮತ್ತೆ ಹೆಪ್ಪುಗಟ್ಟಲಿಲ್ಲ. ದಕ್ಷಿಣದ ಗಾಳಿ ಎದ್ದು ಮಳೆ ಹಿಡಿಯಿತು. ಊರಿನಲ್ಲಿ ಮೊದಲ ಮಳೆಗೆ ಯಾರ ಎದೆ ತಣ್ಣಗಾಗುವುದಿಲ್ಲ? ಹೆಂಚಿನ ಮೇಲೆ ಮಳೆ ಬಿದ್ದರೆ ತೆಂಗಿಗೆ ಆಯಿತು ಎಂದು ಹೊದ್ದು ಮಲಗುವವನು ನಾನು. ಇನಾರಿಯಲ್ಲಿ ಅದೇ ಸದ್ದು ಕೇಳುತ್ತಾ ನಿಲ್ಲು ನಿಲ್ಲು ಎಂದು ಬೇಡಿಕೊಂಡೆ. ಬೆಳಿಗ್ಗೆ ದಡಕ್ಕೆ ಹೋಗಿ ನೋಡಿದರೆ ಬಿಳಿಯ ಸರೋವರ ಕಪ್ಪಾಗಿತ್ತು. ಹೈಕ್ಕಿ ಕಬ್ಬಿಣದ ಮೊನೆಯ ಕೋಲಿನಿಂದ ಮಂಜನ್ನು ಕುಟ್ಟುತ್ತಾ ಸ್ವಲ್ಪ ದೂರ ನಡೆದರು. ಒಂದು ಕಡೆ ಕೋಲು ಸುಮ್ಮನೆ ಒಳಗಿಳಿಯಿತು. ಅವರು ನಿಂತು, ಆಚೆ ದಡದ ಕಡೆ ನೋಡಿ, ತಮ್ಮ ಹೆಜ್ಜೆಯ ಮೇಲೇ ಹೆಜ್ಜೆ ಇಡುತ್ತಾ ಹಿಂದಿರುಗಿದರು. ಜಾರುಬಂಡಿಯ ಹಗ್ಗ ಬಿಚ್ಚಿ ಹಿಟ್ಟಿನ ಚೀಲವನ್ನು ಒಳಗಿಟ್ಟರು.

ಆಮೇಲೆ ಅಕ್ಕನಿಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ, ಐಲಿಯ ದನಿ ಹೊರಗೂ ಕೇಳುತ್ತಿತ್ತು. ಆ ಮಾತುಕತೆಯನ್ನು ಮಾರ್ಯಾ ನನಗೆ ಮೆಲ್ಲಗೆ ಬಿಡಿಸಿ ಹೇಳುತ್ತಾ ಹೋದಳು.

“ಈ ಸಲ ಬರೋಕಾಗಲ್ಲ.”

“ಯಾಕೆ?”

“ಅತಿಥಿ ಬರ್ತೀನಿ ಅಂದಿದ್ರು.”

“ಬಂದ್ರಾ?”

“ಮಧ್ಯಾಹ್ನ ಬಂದ್ರು.”

ಆಮೇಲೆ ಐಲಿ, “ಅವರಿಗೆ ಕಾಫಿ ಕೊಟ್ಟೆಯಾ?” ಎಂದು ಕೇಳಿದಳಂತೆ. ಮಾರ್ಯಾ ಅದನ್ನು ಹೇಳಿದಾಗ ನನಗೆ ಅಳುವೇ ಬಂತು. ಕಿಟಕಿಯ ಕಡೆ ತಿರುಗಿಕೊಂಡೆ.

ಮತ್ತೆ ಉಳಿದ ದಿನಗಳಲ್ಲಿ ನಾನು ಏನು ನೋಡಿದೆ ಎಂದು ಕೇಳಿದರೆ ಹೇಳುವುದು ಕಷ್ಟ. ಮಾರ್ಯಾ ಕರೆದಲ್ಲಿಗೆ ಹೋದೆ. ಮರದ ಚರ್ಚು ನೋಡಿದೆ, ಉಕ್ಕಿ ಹರಿಯುವ ಹೊಳೆ ನೋಡಿದೆ, ನಡುರಾತ್ರಿಯ ಸೂರ್ಯನನ್ನೂ ಕಿಟಕಿಯ ಪರದೆ ಸರಿಸಿ ನೋಡಿದೆ. ಎಲ್ಲಿ ಹೋದರೂ ಮನಸ್ಸು ಆ ಅಂಗಳಕ್ಕೇ ಬರುತ್ತಿತ್ತು. ಹೈಕ್ಕಿ ದಿನಕ್ಕೆ ಎಷ್ಟೋ ಸಲ ದಡಕ್ಕೆ ಬಂದು ದುರ್ಬೀನಿನಲ್ಲಿ ಆಚೆಯ ಹೊಗೆ ನೋಡುತ್ತಿದ್ದರು. ಬೆಳಿಗ್ಗೆ ಹೊಗೆ ಎದ್ದರೆ ಅಕ್ಕ ಎದ್ದಳು ಎಂದು ಒಳಗೆ ಹೋಗುತ್ತಿದ್ದರು. ನಾನು ಜೊತೆಗೆ ಹೋಗಿ ನಿಲ್ಲುತ್ತಿದ್ದೆ. ಒಂದು ದಿನ ನನ್ನ ಕೈಗೂ ದುರ್ಬೀನು ಕೊಟ್ಟರು. ಕಣ್ಣು ಮಂಜಾಗಿ ನನಗೆ ಏನೂ ಕಾಣಲಿಲ್ಲ, ಆದರೂ ಕಂಡಿತು ಎಂದೆ.

ಸಂಜೆಗಳಲ್ಲಿ ಅವರ ಜೊತೆ ಇಸ್ಪೀಟು ಆಡಲು ಕುಳಿತೆ. ಅಕ್ಕನ ಜಾಗ ತುಂಬುತ್ತೇನೆ ಎಂಬ ಭ್ರಮೆ ನನಗಿರಲಿಲ್ಲ. ಆದರೆ ಬೇರೇನು ಮಾಡಲಿ? ಅವರ ಆಟ ನನಗೆ ಬಾರದು, ನಮ್ಮ ಆಟ ಅವರಿಗೆ ಬಾರದು. ಒಂದು ಸಲ ಆಟದ ನಡುವೆ ಅವರು ಆ ಮಾತನ್ನು ನಿಮ್ಮ ಭಾಷೆಯಲ್ಲೇ ಹೇಳಿ ಎಂದರು. “ಬರ್ತೀನಿ” ಎಂದೆ. “ಪರ್ತೀನಿ”, “ಬರ್ತೀನೀ” ಎಂದು ಬಾಯಲ್ಲಿ ಹೊರಳಿಸಿ ನೋಡಿ, ಸರಿಯಾಗಿ ಬಂದ ಮೇಲೆ ಎಲೆ ಹಾಕಿದರು.

ಬಸ್ ಸ್ಟಾಪ್

ನಾನು ಹೊರಡುವ ದಿನ ಬಂದರೂ ಸರೋವರದ ಮಂಜು ಬಿಟ್ಟಿರಲಿಲ್ಲ. ದಡದಲ್ಲಿ ಒಂದು ಪಟ್ಟಿ ನೀರು ಕಾಣಿಸಿತ್ತು ಅಷ್ಟೇ. ನನ್ನ ಕಡೆ ಶಾಲೆ ಬಾಗಿಲು ತೆಗೆಯುವ ಹೊತ್ತು, ಉಳಿಯುವಂತಿರಲಿಲ್ಲ. ಮಾರ್ಯಾಳ ಕಾರು ಕೆಟ್ಟದ್ದರಿಂದ ಬಸ್ಸಿನಲ್ಲಿ ಹೊರಟೆ. ಬಸ್ ಸ್ಟಾಪಿಗೆ ಹೈಕ್ಕಿಯೂ ಬಂದರು, ಎಂದಿನ ಹಾಗೆ ನನ್ನಿಂದ ಒಂದು ಗಾಡಿಯಷ್ಟು ದೂರ ನಿಂತರು.

ಬಸ್ಸು ದೂರದಲ್ಲಿ ಕಂಡಾಗ ನನಗೆ ನಿಜವಾದ ಸಂಕಟ ಶುರುವಾಯಿತು. ಈಗ ಏನು ಹೇಳಲಿ? ಬರ್ತೀನಿ ಅಂದರೆ ಈ ಮುದುಕನ ಎದುರು ಎರಡನೇ ಸಲ ಸುಳ್ಳು. ಹೋಗ್ತೀನಿ ಅಂದರೆ ಅವ್ವ ಶೂ ಬಿಚ್ಚಿಸಿ ವಾಪಸ್ ಕೂರಿಸಿದ ಮಾತು. ಈ ಎರಡು ಮಾತು ಬಿಟ್ಟರೆ ನನ್ನ ಭಾಷೆಯಲ್ಲಿ ಅಗಲುವುದಕ್ಕೆ ಬೇರೆ ಮಾತೇ ಇಲ್ಲವೇನೋ ಎನಿಸಿತು. ಬಸ್ಸು ಬಂದು ನಿಂತಿತು. ಕೈಮುಗಿದೆ.

ಹೈಕ್ಕಿಯೇ ಹತ್ತಿರ ಬಂದರು. ಆ ಊರಿನವರು ಯಾರಿಗೂ ಮಾಡದಂತೆ ನನ್ನ ಭುಜದ ಮೇಲೆ ಕೈಯಿಟ್ಟರು. “ಬರ್ತೀನಿ” ಎಂದರು. ಹೇಳಿ, ನನ್ನ ಉತ್ತರಕ್ಕೆ ಕಾಯದೆ, ತಿರುಗಿ ದಡದ ಕಡೆ ಹೊರಟುಹೋದರು. ನಮ್ಮ ಕಡೆ ಹೇಗೆ ಹೇಳಬೇಕೋ ಹಾಗೇ ಹೇಳಿ ಹೋಗಿದ್ದರು.

ಮತ್ತೆ ತಿಪಟೂರು

ಊರಿಗೆ ಬಂದ ಮೇಲೆ ಶಿವಣ್ಣನ ಮಂಡಿಯಲ್ಲಿ ಸೌನಾದ ಕಥೆ, ಸಾರಂಗದ ಕಥೆ ಎಲ್ಲ ಹೇಳಿದೆ. ಕರಡಿಗೆ ಕಾದದ್ದನ್ನು ಕೇಳಿ ಅವನು ಕೊಬ್ಬರಿ ಮೂಟೆಯ ಮೇಲೆ ಬಿದ್ದು ನಕ್ಕ. ಹೈಕ್ಕಿಯ ಕಥೆಯನ್ನು ಸರೋಜಳಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಅವಳು ಕೇಳಿ, “ಅವ್ರು ಹಂಗೆ ತಿಳ್ಕತ್ತಾರೆ ಅಂತ ನಿಮ್ಗೆ ಹೆಂಗ್ ಗೊತ್ತಾಗ್ಬೇಕು ಬುಡಿ” ಎಂದಳು. ಅದು ನಿಜವೇ, ಆದರೂ ಆ ಸಮಾಧಾನ ನನಗೆ ಹತ್ತಲಿಲ್ಲ.

ಶಿವರಾತ್ರಿ ಹತ್ತಿರವಿದ್ದಾಗ ಒಂದು ಸಂಜೆ ಮಾರ್ಯಾಳ ಫೋನ್ ಬಂತು. ಐಲಿ ನಿದ್ದೆಯಲ್ಲೇ ತೀರಿಕೊಂಡಿದ್ದಳು. ಬೆಳಿಗ್ಗೆ ಹೊಗೆ ಏಳಲಿಲ್ಲವೆಂದು ಹೈಕ್ಕಿ ಗಟ್ಟಿ ಮಂಜಿನ ಮೇಲೆ ಜಾರುಬಂಡಿಯಲ್ಲಿ ಹೋಗಿ ನೋಡಿದರಂತೆ. ಬೇಸಿಗೆಯಲ್ಲಿ ನೀರು ಬಿಟ್ಟ ಮೇಲೆ ಅವರು ದೋಣಿಯಲ್ಲಿ ಕೊಂಡೊಯ್ದಿದ್ದ ತೆಂಗಿನಕಾಯಿ ಅವಳ ಕಿಟಕಿಯಲ್ಲೇ ಇತ್ತು. ಒಡೆಯಲು ಅವಳು ಒಪ್ಪಿರಲಿಲ್ಲ. ಬಂದವರಿಗೆಲ್ಲ ಅಲ್ಲಾಡಿಸಿ ಸದ್ದು ಕೇಳಿಸುತ್ತಿದ್ದಳಂತೆ. ಈ ಸಲ ದಾರಿ ಮುರಿಯುವ ಮುಂಚೆಯೇ ಬಾ, ತಡ ಮಾಡಬೇಡ ಎಂದು ತಮ್ಮನಿಗೆ ಹೇಳಿದ್ದಳಂತೆ. ಅವರಿಬ್ಬರೂ ಜೊತೆಗೆ ಕೂರಬೇಕಾಗಿದ್ದ ಕೊನೆಯ ಕಾಲವನ್ನು ನನ್ನ ಒಂದು ಮಾತು ತಿಂದುಹಾಕಿತ್ತು. ಹೈಕ್ಕಿ ಅಂದು ಅಂಗಳದಲ್ಲಿ ಕಾದಿರದಿದ್ದರೆ ಆ ವಾರಗಳೆಲ್ಲ ಅವರದ್ದಾಗಿರುತ್ತಿದ್ದವು.

“ಅಪ್ಪ ಮಾತಾಡಬೇಕಂತೆ” ಎಂದು ಮಾರ್ಯಾ ಫೋನ್ ಕೊಟ್ಟಳು.

“ಐಲಿ ಹೋದಳು” ಎಂದರು ಹೈಕ್ಕಿ. ಆಮೇಲೆ ಕೇಳಿದರು. “ನಿಮ್ಮಲ್ಲಿ ಇದಕ್ಕೂ ಬಂದಳು ಅಂತಾರಾ?”

“ಇಲ್ಲ” ಎಂದೆ. “ಇದಕ್ಕೆ ಮಾತ್ರ ಹೋದರು ಅಂತೀವಿ.”

“ಓ” ಎಂದರು. “ಅದಕ್ಕೇ ನಿಮ್ಮ ತಾಯಿ ಆ ಮಾತು ಬೇಡ ಅನ್ನೋದು.”

ನನಗೆ ಕ್ಷಮೆ ಕೇಳಬೇಕಾಗಿತ್ತು. ಎಷ್ಟೋ ದಿನದಿಂದ ಇಂಗ್ಲಿಷಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತುಗಳಿದ್ದವು. ಅವು ಬಾಯಿಗೆ ಬರುವಷ್ಟರಲ್ಲಿ ಅವರು “ಬರ್ತೀನಿ” ಎಂದು ಫೋನ್ ಇಟ್ಟರು.

ಸರೋಜ ಒಲೆಯ ಮುಂದಿನಿಂದ ಎದ್ದು ಬಂದು, “ಯಾರದ್ರೀ ಅದು? ಆ ಯಜಮಾನ್ರಾ? ಏನಂದ್ರು?” ಎಂದಳು.

“ಬರ್ತೀನಿ ಅಂದ್ರು.”

“ಹೌದಾ? ಯಾವಾಗ ಬತ್ತಾರಂತೆ?” ಎಂದಳು ಅವಳು. ದಿನಕ್ಕೆ ಹತ್ತು ಸಲ ಅದೇ ಮಾತು ಹೇಳಿ ಹೊಸಿಲು ದಾಟುವವಳು.

ಬೇಸಿಗೆ ರಜ ಬಂದಾಗ ಸರೋಜ ಮುಂದಿನ ಕೋಣೆ ಗುಡಿಸಿ, ಒಗೆದ ಜಮಖಾನ ಹಾಸಿಟ್ಟಳು. ನಾನು ಬೇಡ ಅನ್ನಲಿಲ್ಲ.